ಕಿಡಿ ನೋಡುವ ಚಟ

ನಮ್ಮ ಯಜಮಾನರ ಜೇಬಿನಲ್ಲಿ ಯಾವಾಗಲೂ ಗೇಣುದ್ದದ ಒಂದು ವೈರಿನ ತುಂಡು ಇರುತ್ತಿತ್ತು. ಬೇರೆ ಗಂಡಸರ ಜೇಬಿನಲ್ಲಿ ಬೀಡಿ ಕಟ್ಟು ಇರುತ್ತದಲ್ಲ, ಹಾಗೆ. ಎಲ್ಲಿ ಬ್ಯಾಟರಿ ಕಂಡರೂ ಸರಿ, ಟ್ರ್ಯಾಕ್ಟರಿನದಾಗಲಿ, ಯಾರದೋ ಮನೆಯ ಯುಪಿಎಸ್‌ನದಾಗಲಿ, ಆ ವೈರನ್ನು ತೆಗೆದು ಒಂದು ತುದಿಯನ್ನು ಈ ಟರ್ಮಿನಲ್‌ಗೆ ಒತ್ತಿ, ಇನ್ನೊಂದು ತುದಿಯನ್ನು ಆ ಟರ್ಮಿನಲ್‌ಗೆ ಸವರುತ್ತಿದ್ದರು. ಚಟ್ ಅಂತ ಕಿಡಿ ಹಾರಿದರೆ ಮುಖ ಅರಳುತ್ತಿತ್ತು. 'ಜೀವ ಐತೆ' ಎಂದು ಸುತ್ತ ನಿಂತವರಿಗೆಲ್ಲ ಕೇಳುವಂತೆ ಹೇಳಿ ವೈರನ್ನು ಜೇಬಿಗೆ ಇಳಿಸುತ್ತಿದ್ದರು. ನಾಡಿ ಹಿಡಿದು ನೋಡಿದ ಪಂಡಿತರ ಗತ್ತು. ನನಗೆ ಆ ಗತ್ತು ಕಂಡರೆ ಮೈಯೆಲ್ಲ ಉರಿಯುತ್ತಿತ್ತು, ಇವತ್ತಿಗೂ ನೆನೆದರೆ ಉರಿಯುತ್ತದೆ.

ಈ ಚಟ ಅಂಟಿದ್ದು ಕೆಜಿಎಫ್ ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನಲ್ಲಿ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಅವರು ಅಲ್ಲಿನ ಲ್ಯಾಂಪ್ ರೂಮಿನಲ್ಲಿ ಕೆಲಸಕ್ಕಿದ್ದರು. ಕೆಳಗಿಳಿಯುವವರ ತಲೆಯ ದೀಪಕ್ಕೆ ಸೊಂಟದಲ್ಲಿ ಕಟ್ಟಿಕೊಳ್ಳುವ ಸಣ್ಣ ಬ್ಯಾಟರಿ ಇರುತ್ತಿತ್ತು. ಶಿಫ್ಟು ಮುಗಿಸಿ ಬಂದವರಿಂದ ಅದನ್ನು ಈಸಿಕೊಂಡು, ಒರೆಸಿ, ಚಾರ್ಜಿಗೆ ಹಾಕಿ, ಮುಂದಿನವರಿಗೆ ಕೊಡುವುದು ಇವರ ಕೆಲಸ. ಗೆಳೆಯರೆಲ್ಲ ಸೇರಿ ಮೇಲಿನವರ ಕಣ್ಣು ತಪ್ಪಿಸಿ ವೈರು ತಗುಲಿಸಿ ಕಿಡಿ ಹಾರಿಸುತ್ತಿದ್ದರಂತೆ. ಸಿಕ್ಕಿಬಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದರು ಎಂದು ಅವರೇ ಒಂದು ದಿನ ಬಾಯಿ ತಪ್ಪಿ ಹೇಳಿದ್ದರು. ಅಂದರೆ ಕದ್ದು ಮಾಡುತ್ತಿದ್ದ ಪುಂಡಾಟ. ಗಣಿ ಮುಚ್ಚಿದ ಮೇಲೆ ಊರಿಗೆ ಬಂದು ಹಸು ಕಟ್ಟಿಕೊಂಡು ಕೂತ ಮನುಷ್ಯ, ಆ ಪುಂಡಾಟವನ್ನೇ ವಿದ್ಯೆ ಎಂದು ಹೇಳಿಕೊಂಡು ತಿರುಗಿದರು. ಬಂಗಾರಪೇಟೆಗೂ ಕೆಜಿಎಫ್‌ಗೂ ನಡುವಿನ ನಮ್ಮ ಊರಿನಲ್ಲಿ ಇದನ್ನು ನಂಬುವವರಿಗೇನೂ ಬರ ಇರಲಿಲ್ಲ.

ಇಂಥವರ ಕೈಗೆ ಎಂಟು ಬ್ಯಾಟರಿಯ ಗಾಡಿ ಸಿಕ್ಕಿತು. ಬೆಂಗಳೂರಿನ ಕಡೆಯ ಯಾವುದೋ ಗಾಲ್ಫ್ ಮೈದಾನದವರು ಹಳೆಯದಾಯಿತೆಂದು ಮಾರಿದ ಗಾಡಿ ಅದು. ಬಂಗಾರಪೇಟೆಯ ಗುಜರಿಯವನ ಅಂಗಳದಲ್ಲಿ ನಿಂತಿದ್ದನ್ನು ನಾನೇ ನೋಡಿ ತರಿಸಿದೆ. ನಮ್ಮ ಮನೆ ಊರಿನ ತಗ್ಗಿನಲ್ಲಿದೆ, ಹಾಲಿನ ಡೈರಿ ದಿಬ್ಬದ ಮೇಲೆ. ಎರಡು ಹೊತ್ತೂ ಕ್ಯಾನು ಹೊತ್ತು ನನ್ನ ಭುಜ ಹೋಗಿತ್ತು. ಗಾಲ್ಫ್ ಆಡುವವರು ಕೋಲಿನ ಚೀಲ ಇಡುತ್ತಿದ್ದ ಹಿಂಭಾಗಕ್ಕೆ ಹಲಗೆ ಹೊಡೆಸಿ, ಹಾಲಿನ ಕ್ಯಾನು ನಿಲ್ಲುವಂತೆ ಮಾಡಿಸಿದೆ. ಊರಿನವರು ಅದಕ್ಕೆ ಬೊಂಬೆ ಕಾರು ಅಂತ ಹೆಸರಿಟ್ಟರು. ನಗಲಿ ಬಿಡು, ಅವರ ಭುಜವೇನೂ ನೋಯುತ್ತಿರಲಿಲ್ಲ.

ಗಾಡಿ ಓಡಿಸಲು ಕಲಿತವಳು ನನ್ನ ಸೊಸೆ. ಮಗ ನರಸಾಪುರದ ಕಡೆ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸಕ್ಕೆ ಹೋಗುತ್ತಾನೆ, ಅವನಿಗೆ ಮನೆಯ ಹಾಲಿನ ಗೊಡವೆ ಕಡಿಮೆ. ಸೊಸೆ ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇಲ್ಲವೇ ಇಲ್ಲ ಅನ್ನಬೇಕು. ನನ್ನ ಹತ್ತಿರವಾದರೂ ನಾಲ್ಕು ಮಾತಾಡುತ್ತಿದ್ದಳು. ಮಾವ ಬಂದರೆ ಬಾಯಿಗೆ ಬೀಗ. ಅವರು ಕೇಳಿದ್ದಕ್ಕೆ ಹೂಂ ಅನ್ನುವುದು, ಹೇಳಿದ್ದನ್ನು ಮಾಡುವುದು, ಅಷ್ಟೇ. ನೋಡಿದವರೆಲ್ಲ ಎಂಥಾ ಮರ್ಯಾದೆಸ್ಥ ಹುಡುಗಿ ಎಂದು ಹೊಗಳುತ್ತಿದ್ದರು. ನಮ್ಮ ಕಡೆ ಹೆಣ್ಣುಮಕ್ಕಳನ್ನು ಹೀಗೆ ಹೊಗಳಿ ಹೊಗಳಿಯೇ ಮೂಗಿಯರನ್ನಾಗಿ ಮಾಡುತ್ತಾರೆ.

ಗಾಡಿಯ ಸೀಟು ಎತ್ತಿದರೆ ಕೆಳಗೆ ಎಂಟೂ ಬ್ಯಾಟರಿ ಒತ್ತೊತ್ತಾಗಿ ಕೂತಿರುತ್ತವೆ. ಒಂದರ ತಲೆಯಿಂದ ಇನ್ನೊಂದರ ತಲೆಗೆ ದಪ್ಪ ಕೇಬಲ್ಲು. ಕೇಬಲ್ಲು ಕೂರುವ ಸೀಸದ ಮೊಳಕೆಯಂಥದ್ದೇ ಟರ್ಮಿನಲ್. ಮೊದಲ ಆಯುಧಪೂಜೆಗೆ ನಮ್ಮ ಯಜಮಾನರು ಏನು ಮಾಡಿಸಿದರು ಗೊತ್ತೇ? ದೀಪದ ಕಂಬ ಬೆಳಗುವ ಹಾಗೆ ಹುಣಸೆಹಣ್ಣು, ಉಪ್ಪು ಹಚ್ಚಿ ಆ ಟರ್ಮಿನಲ್‌ಗಳನ್ನು ತಿಕ್ಕಲು ಸೊಸೆಗೆ ಹೇಳಿದರು. ಅವಳು ಹೂಂ ಅಂದು ತಿಕ್ಕಿದಳು. ಫಳಫಳ ಹೊಳೆದವು. ಅದರ ಮೇಲೆ ವಿಭೂತಿ, ಕುಂಕುಮ, ಒಂದೊಂದಕ್ಕೂ ನಿಂಬೆಹಣ್ಣಿನ ಹೋಳು. ಸಂಕ್ರಾಂತಿಯ ಹೊತ್ತಿಗೆ ಟರ್ಮಿನಲ್ ಸುತ್ತ ಹಸಿರು ಬಿಳಿ ಪುಡಿ ಉಕ್ಕಿ ನಿಂತಿತ್ತು, ಹಳೆಯ ಉಪ್ಪಿನಕಾಯಿ ಜಾಡಿಯ ಬಾಯಿಗೆ ಕಟ್ಟುತ್ತದಲ್ಲ, ಹಾಗೆ. ದಿಬ್ಬ ಹತ್ತುವಾಗ ಗಾಡಿ ಮುಗ್ಗರಿಸಲು ಶುರುವಾಯಿತು.

ನಾನು ಬಂಗಾರಪೇಟೆಯ ಬ್ಯಾಟರಿ ಅಂಗಡಿಯವನನ್ನು ಕೇಳಲು ಹೋದೆ. ಅವನಿಗೂ ನನ್ನ ಹಾಗೆ ಮೂಗಿನ ತುದಿಯಲ್ಲೇ ಕೋಪ, ಅದಕ್ಕೇ ನಮಗಿಬ್ಬರಿಗೂ ಚೆನ್ನಾಗಿ ಹೊಂದುತ್ತಿತ್ತು. ಹುಣಸೆಹಣ್ಣಿನ ಕತೆ ಕೇಳಿ ಹಣೆ ಚಚ್ಚಿಕೊಂಡ.

"ಅಲ್ಲಮ್ಮ, ಅದರೊಳಗೆ ಇರೋದೇ ಆಸಿಡ್ಡು. ಮೇಲೆ ಹುಳಿ ಬೇರೆ ಹಚ್ಚಿದ್ರಾ? ಇನ್ನೊಂದ್ ಚೂರು ಒಗ್ಗರಣೆ ಹಾಕಿದ್ರೆ ಗೊಜ್ಜಾಗೋದು!"

ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಬೇಕು, ನೊರೆ ನಿಲ್ಲುವವರೆಗೆ. ಆದರೆ ಬ್ಯಾಟರಿಯ ಮುಚ್ಚಳದೊಳಗೆ ಒಂದು ಹನಿಯೂ ಇಳಿಯಬಾರದು. ಆಮೇಲೆ ಬರೀ ನೀರಲ್ಲಿ ಒರೆಸಿ, ಪೂರ್ತಿ ಒಣಗಿಸಿ, ನಟ್ಟು ಬಿಗಿ ಮಾಡಿ, ಮೇಲೆ ತೆಳ್ಳಗೆ ವ್ಯಾಸಲೀನ್ ಸವರಬೇಕು. ಅದಕ್ಕೂ ಮೊದಲು ಗಾಡಿಯ ಸ್ವಿಚ್ಚು ಆಫ್ ಆಗಿರಬೇಕು, ಮೈನಸ್ ಕೇಬಲ್ಲನ್ನೇ ಮೊದಲು ಬಿಚ್ಚಬೇಕು, ಕೈಯಲ್ಲಿರುವ ಸ್ಪ್ಯಾನರಿಗೆ ತುದಿಯೊಂದು ಬಿಟ್ಟು ಉಳಿದದ್ದಕ್ಕೆಲ್ಲ ಟೇಪು ಸುತ್ತಿರಬೇಕು. ಇದೆಲ್ಲ ಅವನು ಹೇಳಿದ್ದು. ನನ್ನ ಕತ್ತಿನ ಮಾಂಗಲ್ಯದ ಸರ ನೋಡಿ, ಬಗ್ಗುವ ಮೊದಲು ಅದನ್ನೂ ತೆಗೆದಿಡಿ, ಎರಡು ಟರ್ಮಿನಲ್‌ಗೆ ಅಡ್ಡ ಬಿದ್ದರೆ ಕೆಂಪಗೆ ಕಾದು ಕತ್ತಿಗೆ ಅಂಟುತ್ತದೆ ಎಂದ. ಚಾರ್ಜು ಆಗುವಾಗ ಬ್ಯಾಟರಿಯಿಂದ ಗ್ಯಾಸು ಬರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಬಾಗಿಲು ಹಾಕಿದ ಕೋಣೆಯಲ್ಲಿ ತುಂಬಿಕೊಂಡರೆ ಒಂದು ಕಿಡಿ ಸಾಕು ಎಂದ. ಕೊನೆಗೆ ನಾನು ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿ ಹೇಳಿದ:

"ಕಣ್ಣಿಗೆ ಬಿದ್ರೆ ನೀರು ಕಣಮ್ಮ. ಬರೀ ನೀರು. ಬೇರೇನೂ ಹಾಕ್ಬೇಡಿ, ಹಾಕೋರನ್ನ ಹತ್ರ ಸೇರಿಸ್ಬೇಡಿ."

ಮನೆಗೆ ಬಂದು ಯಜಮಾನರನ್ನೂ ಸೊಸೆಯನ್ನೂ ಒಟ್ಟಿಗೆ ಕೂರಿಸಿ ಇದನ್ನೆಲ್ಲ ಹೇಳಿದೆ. ಸೊಸೆ ಕೇಳಿಸಿಕೊಂಡಳು. ಯಜಮಾನರು ನಕ್ಕರು. ಅವನು ಅಂಗಡಿ ಹಾಕಿ ಎಷ್ಟು ದಿನ ಆಯಿತು, ನಾನು ಎಷ್ಟು ಬ್ಯಾಟರಿ ನೋಡಿದ್ದೇನೆ ಎಂದರು. ಒಂದು ಬ್ಯಾಟರಿಯ ಕೇಬಲ್ಲು ಸಡಿಲವಾಗಿ ಅಲ್ಲಾಡುತ್ತಿದ್ದುದನ್ನು ನಾನು ತೋರಿಸಿದೆ. ಅಂಗಡಿಯವನನ್ನು ಕರೆಸೋಣ ಅಂದದ್ದಕ್ಕೆ ಉತ್ತರ ಕೊಡದೆ, ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಮಡಿಸಿ, ಸಂದಿಗೆ ತುರುಕಿ, ಮೇಲೆ ಸುತ್ತಿಗೆಯಲ್ಲಿ ಬಡಿದು ಕೂರಿಸಿದರು. ನಾಲ್ಕು ದಿನ ಗಾಡಿ ಓಡಿತು. ಆ ನಾಲ್ಕು ದಿನ ಅವರ ಮೀಸೆಯ ಕೆಳಗಿನ ನಗುವನ್ನು ಸಹಿಸಿಕೊಂಡದ್ದಕ್ಕೇ ನನಗೆ ಪುಣ್ಯ ಬರಬೇಕು.

ಐದನೆಯ ದಿನ ಸಂಜೆ ದಿಬ್ಬದ ಮೇಲೆ ಸೀಟಿನ ಅಡಿಯಿಂದ ಸುಟ್ಟ ವಾಸನೆ ಬಂದು ಗಾಡಿ ನಿಂತುಬಿಟ್ಟಿತು. ತಗಡು ತುರುಕಿದ ಕಡೆ ಕಾದು ಕಾದು ಟರ್ಮಿನಲ್ಲಿನ ಒಂದು ಪಕ್ಕ ಮೇಣದಂತೆ ಕರಗಿ ಇಳಿದಿತ್ತು. ನೂಕಿಕೊಂಡು ಬಂದು ಹಸುವಿನ ಕೊಟ್ಟಿಗೆಯ ಪಕ್ಕದ ಕೋಣೆಗೆ ಸೇರಿಸಿದೆವು. ಅಂಗಡಿಯವನಿಗೆ ಫೋನು ಮಾಡಿದೆ. ನಾಳೆ ಮಧ್ಯಾಹ್ನ ಬರುತ್ತೇನೆ, ಅಲ್ಲಿಯತನಕ ಯಾರೂ ಮುಟ್ಟಬೇಡಿ, ಚಾರ್ಜಿಗೂ ಹಾಕಬೇಡಿ ಎಂದ. ನಾನು ಗಂಡನ ಮುಖಕ್ಕೆ ಮುಖ ಕೊಟ್ಟು ಅದೇ ಮಾತು ಹೇಳಿದೆ. "ಆಯ್ತು ಬುಡು" ಅಂದರು.

ಆಯ್ತು ಬುಡು ಅಂದ ಮನುಷ್ಯ ನಾವು ಮಲಗಿದ ಮೇಲೆ ಚಾರ್ಜಿಗೆ ಹಾಕಿದ್ದಾರೆ. ಕಳ್ಳರ ಭಯಕ್ಕೆ ಕಿಟಕಿ ಬಾಗಿಲು ಎಲ್ಲ ಭದ್ರವಾಗಿ ಹಾಕಿದ್ದಾರೆ. ಬೆಳಗ್ಗೆ ಹಾಲು ಕರೆದು, ಗಾಡಿ ಇಲ್ಲವಲ್ಲ ಎಂದು ಪಕ್ಕದ ಮನೆಯವಳ ಜೊತೆ ನಾನು ಕ್ಯಾನು ಹೊತ್ತು ಡೈರಿಗೆ ಹೋದೆ. ನಾನು ಅತ್ತ ಹೋದದ್ದೇ ಇವರು ಕೋಣೆಯ ಬಾಗಿಲು ತೆಗೆದರು. ಕರೆಂಟು ಹೋಗಿತ್ತು. ಸೊಸೆಯನ್ನು ಕರೆದು ಕೈಗೆ ಟಾರ್ಚು ಕೊಟ್ಟು, ಬಗ್ಗಿ ಹತ್ತಿರ ಹಿಡಿ, ಕಾಣಿಸುತ್ತಿಲ್ಲ ಎಂದರು. ಅವಳು ಹೂಂ ಅಂದಳು. ಬಗ್ಗಿದಳು. ಅವರು ಜೇಬಿನಿಂದ ವೈರು ತೆಗೆದರು.

ನಾನು ಖಾಲಿ ಕ್ಯಾನು ಹಿಡಿದು ನಮ್ಮ ಬೀದಿಯ ತಿರುವಿಗೆ ಬಂದಿದ್ದೆ. ಬಾವಿ ತೋಡುವವರು ಮದ್ದು ಸಿಡಿಸಿದ ಹಾಗೆ ಸದ್ದು. ಹಿಂದೆಯೇ ಹಸುಗಳ ಕೂಗು. ಆಮೇಲೆ ಅವಳ ಕೂಗು.

ಓಡಿ ಬಂದೆ. ಬ್ಯಾಟರಿಯ ಮೇಲ್ಭಾಗ ಒಡೆದು ಚೂರಾಗಿತ್ತು. ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಅವರ ಕನ್ನಡಕದ ಗಾಜಿನ ಮೇಲೆ ಚುಕ್ಕಿ ಚುಕ್ಕಿ, ಮೊಣಕೈಯಲ್ಲಿ ಎರಡು ಕೆಂಪು ಬೊಟ್ಟು, ಅಷ್ಟೇ. ಕೈ ಉದ್ದ ಮಾಡಿ, ಮುಖ ಹಿಂದಕ್ಕೆ ತಿರುಗಿಸಿ ಕಿಡಿ ನೋಡುವುದು ಅವರಿಗೆ ರೂಢಿ. ತಮ್ಮ ಮುಖ ತಿರುಗಿಸಿಕೊಂಡು ಅವಳ ಮುಖವನ್ನು ಮುಂದಿಟ್ಟಿದ್ದರು. ಸೊಸೆ ನೆಲದಲ್ಲಿ ಕೂತು ಎರಡೂ ಕೈಯಿಂದ ಬಲಗಣ್ಣು ಮುಚ್ಚಿಕೊಂಡು "ಉರೀತದೆ ಅತ್ತೆ, ಉರೀತದೆ" ಅನ್ನುತ್ತಿದ್ದಳು.

ಹಸು ತೊಳೆಯುವ ಪೈಪು ಅಲ್ಲೇ ಇತ್ತು. ಮಾಳಿಗೆಯ ಟ್ಯಾಂಕಿನಲ್ಲಿ ನೀರಿತ್ತು. ಅವಳನ್ನು ಎಳೆದುಕೊಂಡು ಹೋಗಿ ತೊಟ್ಟಿಯ ಕಟ್ಟೆಗೆ ಒರಗಿಸಿ, ತಲೆಯನ್ನು ಬಲಕ್ಕೆ ವಾಲಿಸಿ, ಒಂದು ಕಣ್ಣಿನ ನೀರು ಇನ್ನೊಂದಕ್ಕೆ ಹರಿಯದ ಹಾಗೆ, ಪೈಪಿನ ನೀರನ್ನು ಮೆಲ್ಲಗೆ ಬಿಟ್ಟೆ. ಅವಳು ಕಣ್ಣು ಬಿಗಿದುಕೊಂಡಿದ್ದಳು. ನಾನು ಬೆರಳಿನಿಂದ ರೆಪ್ಪೆ ಬಿಡಿಸಿ ಹಿಡಿದೆ. ಕಿರುಚಿದಳು, ನನ್ನ ಕೈ ಪರಚಿದಳು. ಬಿಡಲಿಲ್ಲ.

ಅಷ್ಟರಲ್ಲಿ ಊರು ಸೇರಿತು. ಹಾಲಿನ ಊರು ನಮ್ಮದು, ಇಲ್ಲಿ ಉರಿಗೆ, ಸುಟ್ಟದ್ದಕ್ಕೆ, ಕಣ್ಣಿಗೆ ಎಲ್ಲದಕ್ಕೂ ಹಾಲೇ ಔಷಧ.

"ಆಲಾಕಮ್ಮಿ, ಆಲು! ತಂಪಾಯ್ತದೆ!" ಎಂದು ಒಬ್ಬಳು ಚೊಂಬು ಹಿಡಿದು ಬಂದಳು.

"ಅಸುವಿನ ಆಲು ಬ್ಯಾಡ, ಎದೆಯಾಲು ಆಕ್ಬೇಕು. ಕಡೇ ಮನೇಲಿ ಬಾಣಂತಿ ಅವ್ಳಲ್ಲ, ಕರ್ಕೊಂಬನ್ನಿ" ಎಂದು ಇನ್ನೊಬ್ಬಳು.

ಮೂರನೆಯವಳ ಕೈಯಲ್ಲಿ ಬೆಣ್ಣೆ. ಇವರೆಲ್ಲರ ಹಿಂದಿನಿಂದ ನಮ್ಮ ಯಜಮಾನರ ದನಿ: "ನೀರು ಸಾಕು ನಿಲ್ಸು. ಆಲಾಕು. ಆಲಾಕಿದ್ರೆ ಉರಿ ಇಳೀತದೆ." ಹೇಳುವುದಷ್ಟೇ ಅಲ್ಲ, ಚೊಂಬನ್ನು ತೆಗೆದುಕೊಂಡು ಅವಳ ಮುಖದ ಹತ್ತಿರಕ್ಕೇ ತಂದರು.

ನಾನು ಚೊಂಬಿಗೆ ಹೊಡೆದೆ. ಅದು ಕೊಟ್ಟಿಗೆಯ ಗೋಡೆಗೆ ಹೋಗಿ ಬಿತ್ತು.

"ಯೋವ್! ಅತ್ತ ಓಗು ನೀನು! ಇನ್ನೊಂದ್ ಎಜ್ಜೆ ಮುಂದಿಟ್ರೆ ಇದೇ ಪೈಪ್ನಾಗೆ ಬಾರಿಸ್ತೀನಿ!"

ಮದುವೆಯಾದಾಗಿನಿಂದ ನಾನು ಅವರನ್ನು 'ನೀನು' ಅಂದಿರಲಿಲ್ಲ. ಊರಿನವರ ಮುಂದೆ ಅಂದೆ. ಹಾಲು ಚೆಲ್ಲಿದ್ದು ಅಪಶಕುನ ಅಂತ ಯಾರೋ ಗೊಣಗಿದ್ದು ಮಾತ್ರ ಕೇಳಿಸಿತು. ಸೊಸೆಯ ನೈಟಿಯ ಎದೆಭಾಗದ ಮೇಲೂ ಆಸಿಡ್ ಬಿದ್ದಿತ್ತು, ಬಟ್ಟೆ ಮೈಗೆ ಅಂಟಿಕೊಂಡು ಸುಡುವ ಮೊದಲು ಅದನ್ನು ಬಿಚ್ಚಬೇಕಿತ್ತು. ಗಂಡಸರೆಲ್ಲ ಆಚೆ ಹೋಗಿ ಎಂದು ಅರಚಿ, ನೈಟಿ ಹರಿದು ತೆಗೆದು, ನನ್ನ ಸೀರೆಯ ಸೆರಗು ಹೊದಿಸಿ, ಮೈಗೂ ನೀರು ಬಿಟ್ಟೆ. ಕಣ್ಣಿಗೆ ಬಿಡುತ್ತಿದ್ದ ನೀರು ಒಂದು ಕ್ಷಣವೂ ನಿಲ್ಲದ ಹಾಗೆ ಪಕ್ಕದ ಮನೆಯವಳಿಗೆ ಪೈಪು ಕೊಟ್ಟೆ. ಪಾಪ, ಅವಳು ಹೇಳಿದಂತೆ ಹಿಡಿದಳು. ತುಂಬ ಹೊತ್ತು ಹಾಗೇ ಮಾಡಿದೆವು. ಟ್ಯಾಂಕಿನ ನೀರು ಸಣ್ಣಗಾಗುವವರೆಗೆ ಮಾಡಿದೆವು ಅನ್ನಿ.

ಮಗ ಶಿಫ್ಟಿಗೆ ಹೋಗಿದ್ದ, ಊರಿನ ಆಟೋದವನು ಬಂದ. ಖಾಲಿ ಹಾಲಿನ ಕ್ಯಾನು ತೊಳೆದು ಅದರ ತುಂಬ ಕುಡಿಯುವ ನೀರು ಹಾಕಿಕೊಂಡೆ. ಕೆಜಿಎಫ್‌ವರೆಗೆ ದಾರಿಯುದ್ದಕ್ಕೂ ಲೋಟದಲ್ಲಿ ಮೊಗೆದು ಅವಳ ಕಣ್ಣಿಗೆ ಹುಯ್ಯುತ್ತಲೇ ಇದ್ದೆ. ಆಟೋ ಹಳ್ಳಕ್ಕೆ ಬಿದ್ದಾಗಲೆಲ್ಲ ಅರ್ಧ ನನ್ನ ಮೈಮೇಲೆ. ಯಜಮಾನರು ಡ್ರೈವರ್ ಪಕ್ಕ ಮುದುರಿಕೊಂಡು ಕೂತಿದ್ದರು. ಕೆಜಿಎಫ್ ಹತ್ತಿರದ ಕೋರಮಂಡಲ್ ದಾಟುವಾಗ ತಿರುಗಿ, "ಇಂಗಾಯ್ತದೆ ಅಂತ ಯಾರ್ಗೆ ಗೊತ್ತಿತ್ತು" ಅಂದರು. ಯಾರಿಗೆ ಗೊತ್ತಿತ್ತು! ನನಗೆ ಗೊತ್ತಿತ್ತು. ಅಂಗಡಿಯವನಿಗೆ ಗೊತ್ತಿತ್ತು. ಅವರಿಗೂ ಹೇಳಿದ್ದೆ. ಬಾಯಿ ತೆರೆದರೆ ಅವರನ್ನು ಆಟೋದಿಂದ ಇಳಿಸಿಬಿಡುತ್ತೇನೋ ಎಂಬ ಹೆದರಿಕೆಗೆ ತುಟಿ ಕಚ್ಚಿಕೊಂಡೆ.

ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರು ಒಬ್ಬ ಹೆಂಗಸು, ವಯಸ್ಸು ಚಿಕ್ಕದು. ಜೊತೆಗೆ ತಮಿಳು ಮಾತಾಡುವ ನರ್ಸು. "ಕಣ್ಣ ತೊರಮ್ಮಾ, ಕೊಂಜ ತೊರ" ಎನ್ನುತ್ತ, ಸ್ವಲ್ಪ ಕಣ್ಣು ಬಿಡು ಎಂದು ಅವಳ ಗಲ್ಲ ಹಿಡಿದಳು. ಏನು ಬಿತ್ತು ಕಣ್ಣಿಗೆ ಎಂದು ಡಾಕ್ಟರು ಕೇಳಿದರು. ನಾನು ಕ್ಯಾನು ಕೆಳಗಿಡುತ್ತಿದ್ದೆ, ಉತ್ತರ ಕೊಡುವುದರೊಳಗೆ ಸೊಸೆಯೇ ಹೇಳಿದಳು.

"ಆಲು ಕರೀವಾಗ ಅಸು ಬಾಲ ಬೀಸ್ತು ಮೇಡಂ. ಗಂಜಲ ಬಿತ್ತು."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ನೋವಿಗೆ ಹಲ್ಲು ಕಡಿಯುತ್ತಿರುವ ಹುಡುಗಿ, ಬಾಗಿಲ ಬಳಿ ನಿಂತ ಮಾವನ ಮಾನ ಕಾಯುತ್ತಿದ್ದಳು. ಆ ಮಾವ ಏನು ಮಾಡುತ್ತಿದ್ದರು? ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದರು. ಅಲ್ಲ ಮೇಡಂ, ತಪ್ಪು ನಂದು ಎಂದು ಬಾಯಿ ಬಿಡಲಿಲ್ಲ. ಗಂಜಲವಂತೆ! ಡಾಕ್ಟರು ಅದನ್ನೇ ನಂಬಿ ಯಾವುದೋ ಡ್ರಾಪ್ಸು ಬರೆದುಕೊಟ್ಟು ಕಳಿಸಿದ್ದರೆ? ನನಗೆ ಆ ಕ್ಷಣದಲ್ಲಿ ಗಂಡನ ಮೇಲೆ ಬಂದಷ್ಟೇ ಕೋಪ ಅವಳ ಮೇಲೂ ಬಂತು, ಅವಳನ್ನು ಹಾಗೆ ಬೆಳೆಸಿದವರ ಮೇಲೂ ಬಂತು.

"ಸುಳ್ಳು ಮೇಡಂ!" ಎಂದೆ. ಹೊರಗೆ ಕೂತ ಪೇಷಂಟುಗಳು ಎದ್ದು ನೋಡುವಷ್ಟು ಜೋರಾಗಿ ಎಂದೆ. "ಬ್ಯಾಟರಿ ಆಸಿಡ್ಡು. ಗಾಡೀದು. ಚಾರ್ಜಿಗೆ ಹಾಕಿದ್ದ ಬ್ಯಾಟರಿಗೆ ವೈರ್ ತಗುಲಿಸಿ ಕಿಡಿ ನೋಡಕ್ಕೆ ಹೋಗಿ ಸಿಡಿಸಿದ್ದಾರೆ. ಇದೋ, ನಿಂತವರಲ್ಲ, ಇವರೇ."

ಡಾಕ್ಟರ ಮುಖವೇ ಬದಲಾಯಿತು. ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಸೊಸೆಯನ್ನು ಮಲಗಿಸಿ, ಸಲೈನಿನ ಬಾಟಲಿ ನೇತುಹಾಕಿ, ಅದರ ನಳಿಕೆಯಿಂದ ಕಣ್ಣು ತೊಳೆಯುತ್ತಾ ಹೋದರು. ನಡುನಡುವೆ ಆಸಿಡ್ ಇನ್ನೂ ಉಳಿದಿದೆಯೇ ಎಂದು ಸಣ್ಣದೊಂದು ಕಾಗದದ ಪಟ್ಟಿಯನ್ನು ರೆಪ್ಪೆಯೊಳಗೆ ಮುಟ್ಟಿಸಿ ಅದರ ಬಣ್ಣ ನೋಡುವರು, ಮತ್ತೆ ತೊಳೆಯುವರು. ಬಾಟಲಿಗಳು ಬದಲಾದವು. ಕೊನೆಗೆ ಔಷಧಿ ಹಾಕಿ ಪಟ್ಟಿ ಕಟ್ಟಿ, ನನ್ನನ್ನು ಪಕ್ಕಕ್ಕೆ ಕರೆದರು. ಕರಿಗುಡ್ಡೆಯ ಮೇಲೆ ಸುಟ್ಟಿದೆ, ನೀರು ಹಾಕಿದ್ದರಿಂದ ಆಳಕ್ಕೆ ಹೋದಂತೆ ಕಾಣುತ್ತಿಲ್ಲ, ಆದರೆ ನೋಟ ಎಷ್ಟು ಉಳಿಯುತ್ತದೆ ಎಂದು ಈಗಲೇ ಹೇಳಲಾರೆ ಅಂದರು. ಮನೆಗೆ ಬರುವ ದಾರಿಯಲ್ಲಿ ಸೊಸೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಸಿಟ್ಟಾ ಅತ್ತೆ, ಎಂದು ಕೇಳಿದಳು. ಹೂಂ, ಸಿಟ್ಟೇ, ಎಂದೆ. ಇಲ್ಲ ಎಂದು ಸುಳ್ಳು ಹೇಳುವ ಶಕ್ತಿ ನನಗಿರಲಿಲ್ಲ.

ಅವತ್ತು ನಾವು ಆಸ್ಪತ್ರೆಯಲ್ಲಿದ್ದುದರಿಂದ ಅಂಗಡಿಯವನು ಮಾರನೆಯ ದಿನ ಬಂದ. ಮೊದಲು ಕೋಣೆಯ ಕಿಟಕಿ ಬಾಗಿಲು ತೆಗೆಸಿ, ಗಾಳಿಯಾಡಲು ಬಿಟ್ಟು, ಹೊರಗೆ ನಿಂತು ಟೀ ಕುಡಿದ. ಆಮೇಲೆ ಕಣ್ಣಿಗೆ ದೊಡ್ಡ ಕನ್ನಡಕ, ಕೈಗೆ ರಬ್ಬರ್ ಗ್ಲೌಸು. ನೆಲದ ಮೇಲೆಲ್ಲ ಸೋಡಾ ಚೆಲ್ಲಿಸಿದ, ಆಸಿಡ್ ಬಿದ್ದ ಕಡೆಯೆಲ್ಲ ಬುಸ್ಸೆಂದು ನೊರೆ ಎದ್ದಿತು. ಗಾಡಿಯ ಸ್ವಿಚ್ಚು ನೋಡಿ, ಮೈನಸ್ ಬಿಚ್ಚಿ, ಒಡೆದ ಬ್ಯಾಟರಿಯನ್ನು ಪ್ಲಾಸ್ಟಿಕ್ ತೊಟ್ಟಿಯಲ್ಲಿ ಇಳಿಸಿದ. ಕರಗಿದ ಟರ್ಮಿನಲ್‌ಗೆ ಮಾಡುವ ರಿಪೇರಿ ಅಂತ ಒಂದಿಲ್ಲ, ಬ್ಯಾಟರಿಯನ್ನೇ ಬದಲಾಯಿಸಬೇಕು, ಕಾದ ಕೇಬಲ್ಲನ್ನೂ ಎಸೆಯಬೇಕು ಎಂದ. ತಗಡಿನ ಚೂರು ಸಿಕ್ಕಿದಾಗ ಎತ್ತಿ ಹಿಡಿದು, ಇದು ಯಾರ ಕೆಲಸ ಎಂದು ಕೇಳಿ, ಬೈಗುಳ ಶುರು ಮಾಡಿದ. ನಮ್ಮ ಯಜಮಾನರು ಮನೆಯೊಳಗೇ ಇದ್ದರು. ನಾನು ಅವನಿಗೆ ಇನ್ನೊಂದು ಲೋಟ ಟೀ ಕೊಟ್ಟು, ಇನ್ನಷ್ಟು ಜೋರಾಗಿ ಬೈಯಪ್ಪ, ಒಳಗೆ ಕೇಳಿಸಬೇಕು ಎಂದೆ.

ಆದರೆ ಮನುಷ್ಯನ ಮರೆವು ಎಂಥದ್ದು! ವಾರ ಕಳೆಯುವುದರೊಳಗೆ ಯಜಮಾನರ ಮುಖಕ್ಕೆ ಕಳೆ ಬಂತು. ವಿಷಯ ತಿಳಿದು ಕೆಜಿಎಫ್‌ನ ನಂದಿದುರ್ಗ ಗಣಿ ಕಾರ್ಮಿಕರ ಲೈನು ಮನೆಗಳಿಂದ ಅವರ ಹಳೆಯ ಗೆಳೆಯರು ಬ್ರೆಡ್ಡು, ಮೂಸಂಬಿ ಹಿಡಿದುಕೊಂಡು ಬಂದರು. ಹಜಾರದಲ್ಲಿ ಕೂತು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಲ್ಯಾಂಪ್ ರೂಮಿನ ಪುರಾಣ. ಯಾರ ಮುಖದ ಹತ್ತಿರ ಯಾವ ಬ್ಯಾಟರಿ ಸಿಡಿದಿತ್ತು, ಯಾರು ಹೇಗೆ ತಪ್ಪಿಸಿಕೊಂಡರು ಎಂದು ಹೇಳಿಕೊಂಡು ನಗು ಬೇರೆ. ಒಳಕೋಣೆಯಲ್ಲಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಬೆಳಕು ಬಿದ್ದರೆ ಇನ್ನೊಂದೂ ಉರಿಯುತ್ತದೆ ಎಂದು ಗೋಡೆಗೆ ತಿರುಗಿ ಮಲಗಿದವಳನ್ನು ಹೋಗಿ ಮಾತಾಡಿಸಿದವರು ಒಬ್ಬರೂ ಇಲ್ಲ. ಬರುವವರು ಹೆಚ್ಚಾದಂತೆ ಕತೆಯೂ ಬದಲಾಗುತ್ತ ಹೋಯಿತು. ಮೊದಮೊದಲು ಬ್ಯಾಟರಿ ತಾನೇ ಸಿಡಿಯಿತು. ಆಮೇಲೆ ಗುಜರಿಯವನು ಕೆಟ್ಟ ಮಾಲು ಕೊಟ್ಟಿದ್ದ. ಕಡೆಕಡೆಗೆ ಸೊಸೆಯ ಕಣ್ಣಿಗೆ ನೀರು ಹಾಕಿಸಿದ್ದೇ ಇವರು. ನಾನು ಒಲೆಯ ಮುಂದೆ ಕೂತು ಇದನ್ನೆಲ್ಲ ಕೇಳುತ್ತಿದ್ದೆ. ಬಾಣಲೆಗಿಂತ ಹೆಚ್ಚು ಕಾದಿದ್ದೆ. ಆ ಕಣ್ಣಿನ ಗತಿ ಏನೆಂದು ತಿಳಿಯುವವರೆಗೆ ಮನೆಯಲ್ಲಿ ಜಗಳ ಬೇಡ, ಹುಡುಗಿ ಅತ್ತರೆ ಕಣ್ಣಿಗೆ ಕೆಟ್ಟದ್ದು ಎಂದು ಸುಮ್ಮನಿದ್ದೆ.

ಪಟ್ಟಿ ಬಿಚ್ಚುವ ದಿನ ಮಗನಿಗೆ ರಜೆ ಸಿಗಲಿಲ್ಲ, ನಾವಿಬ್ಬರೇ ಆಸ್ಪತ್ರೆಗೆ ಹೋದೆವು. ಯಜಮಾನರು ಬರುತ್ತೇನೆ ಎಂದರು, ಬೇಡ ಎಂದೆ. ಡಾಕ್ಟರು ಎಡಗಣ್ಣು ಮುಚ್ಚಿಸಿ, ಎದುರಿನ ಬೋರ್ಡಿನ ಅಕ್ಷರ ಓದು ಎಂದರು. ಸೊಸೆ ಸುಮ್ಮನೆ ಕೂತಿದ್ದಳು. ಓದಮ್ಮಾ ಎಂದೆ. ಮೇಲಿನ ದೊಡ್ಡ ಅಕ್ಷರ ಓದಿದಳು. ಅದರ ಕೆಳಗಿನದನ್ನು ಓದಿದಳು. ಒಂದೊಂದೇ ಸಾಲು ಇಳಿಯುತ್ತ ಬಂದಳು. ಕೊನೆಯ ಎರಡು ಸಾಲು ಮಸುಕು ಅಂದಳು. ಅಷ್ಟು ಸಾಕು, ಇನ್ನೂ ಸುಧಾರಿಸುತ್ತದೆ, ಅಂಚಿನಲ್ಲಿ ಸಣ್ಣದೊಂದು ಬಿಳಿ ಗುರುತು ಉಳಿಯಬಹುದು, ನೋಟಕ್ಕೆ ಅಡ್ಡ ಬರುವುದಿಲ್ಲ ಎಂದರು ಡಾಕ್ಟರು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಸೊಸೆ ನನ್ನ ಬೆನ್ನು ಸವರಿದಳು.

ಮನೆಗೆ ಬಂದರೆ ಬೀಗರು, ಅಂದರೆ ಸೊಸೆಯ ಅಪ್ಪ, ಮಗಳನ್ನು ನೋಡಲು ಬಂದು ಜಗುಲಿಯ ಮೇಲೆ ಕೂತಿದ್ದರು. ಯಜಮಾನರು ಎದುರಿಗೆ. ಕಣ್ಣು ಉಳಿಯಿತು ಎಂದು ನಾನು ಹೇಳಿದೆ. ಬೀಗರು ಎರಡೂ ಕೈಯೆತ್ತಿ ಮುಗಿದರು. ನಾನು ಕಾಫಿ ತರಲು ಒಳಗೆ ಹೋಗಿ ಲೋಟಗಳನ್ನು ಹಿಡಿದು ಬರುವಷ್ಟರಲ್ಲಿ ಯಜಮಾನರು ಶುರು ಮಾಡಿಯೇಬಿಟ್ಟಿದ್ದರು.

"ನಾನು ಲ್ಯಾಂಪ್ ರೂಮ್ನಾಗೆ ಇದ್ದೋನಲ್ವಾ ಬೀಗರೆ, ನಂಗೆ ಗೊತ್ತಿಲ್ವಾ? ಸಿಡಿದ ತಕ್ಷಣ ನೀರಾಕ್ಸಿದೆ. ಇಲ್ದಿದ್ರೆ ಕಣ್ಣು ಓಗಿರೋದು."

ನಾನು ಬಾಯಿ ತೆರೆಯುವ ಮೊದಲೇ ಹೊಸ್ತಿಲ ಬಳಿಯಿಂದ ದನಿ ಬಂತು.

"ಇಲ್ಲ ಮಾವ."

ಸಣ್ಣ ದನಿ. ಆದರೆ ಎಲ್ಲರಿಗೂ ಕೇಳಿಸಿತು. ಸೊಸೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು, ಕೆಂಪಗಿದ್ದ ಕಣ್ಣನ್ನು ಸಣ್ಣಗೆ ಮಾಡಿಕೊಂಡು.

"ನೀರಾಕಿದ್ದು ಅತ್ತೆ. ನೀವು ಆಲಾಕು ಅಂದ್ರಿ." ಆಮೇಲೆ ಅಪ್ಪನ ಕಡೆ ತಿರುಗಿದಳು. "ಮಾವ ಕಿಡಿ ನೋಡಕ್ಕೋದ್ರು ಅಪ್ಪ. ಬಗ್ಗಿ ಟಾರ್ಚ್ ಇಡಿ ಅಂದ್ರು. ಬ್ಯಾಟರಿ ಮುಟ್ಬೇಡಿ ಅಂತ ಅತ್ತೆ ಏಳಿದ್ದು ನಂಗೆ ಗ್ಯಾಪಕ ಇತ್ತು. ಮಾವನಿಗೆ ಬ್ಯಾಡ ಅನ್ನಕ್ಕೆ ಬಾಯಿ ಬರ್ಲಿಲ್ಲ."

ಯಜಮಾನರು ನನ್ನ ಕಡೆ ನೋಡಿದರು. ಬೀಗರ ಮುಂದೆ ಏನಾದರೂ ಹೇಳಿ ಮುಚ್ಚಿಹಾಕುತ್ತಾಳೆ ಎಂಬ ಆಸೆ ಆ ನೋಟದಲ್ಲಿತ್ತು. ನಾನು ಕಾಫಿ ಲೋಟಗಳನ್ನು ಕೆಳಗಿಟ್ಟು ಸುಮ್ಮನೆ ನಿಂತೆ. ಅವರು ತಲೆ ತಗ್ಗಿಸಿದರು.

ಬೀಗರು ಎದ್ದು ಮಗಳ ಹತ್ತಿರ ಬಂದು ಆ ಕಣ್ಣು ನೋಡಿದರು. ಒಳ್ಳೆಯ ಮನುಷ್ಯ, ಮಗಳೆಂದರೆ ಪ್ರಾಣ. ಆದರೂ ಕೊನೆಗೆ ಅವರ ಬಾಯಿಂದ ಬಂದದ್ದು ಇದು:

"ದೊಡ್ಡೋರಿಗೆ ಅಂಗೆಲ್ಲ ಎದುರು ಮಾತಾಡ್ಬಾರ್ದಮ್ಮ."

"ಎದುರು ಮಾತಾಡ್ದೆ ಇದ್ದಿದ್ದಕ್ಕೇ ಅಪ್ಪ ಇಂಗಾಗಿದ್ದು" ಎಂದಳು ನನ್ನ ಸೊಸೆ.